ಶಿಶುಜಾಗರಣ ಮೀಮಾಂಸೆ: ಬೆಂಗಳೂರು ಖಂಡ

ಈಗ, ರಾತ್ರಿ ಹತ್ತಾದರೂ ಮಗು ಮಲಗಿಲ್ಲವಾದ ಕಾರಣ, ಶಿಶುಜಾಗರಣದ ವಿಚಾರಕ್ಕೆ ತೊಡಗುತ್ತೇವೆ. ಈ ಶಾಸ್ತ್ರದ ವಿಷಯ, ಐದು ವರ್ಷದೊಳಗಿನ ಮಕ್ಕಳು ಮಲಗದಿರುವ ಬಗೆಗಳು. ಕ್ಷೇತ್ರ, ಗಂಡ ಹೆಂಡತಿ ಇಬ್ಬರೂ ದುಡಿಯುವ, ಇಲ್ಲವೇ ಇಬ್ಬರೂ ದುಡಿಯಬೇಕೇ ಎಂದು ಲೆಕ್ಕ ಹಾಕುತ್ತಿರುವ ಬೆಂಗಳೂರಿನ ಮನೆಗಳು. ಅಧಿಕಾರಿ, ಅಂದರೆ ಓದಲು ಅರ್ಹ, ಇದನ್ನು ಓದಿ ಮುಗಿಸುವಷ್ಟು ಹೊತ್ತು ಎಚ್ಚರವಿರಬಲ್ಲ ತಂದೆ ಅಥವಾ ತಾಯಿ, ಅಂಥವರು ಸಿಕ್ಕಿಲ್ಲ. ಪ್ರಯೋಜನ ಸಂದಿಗ್ಧ.

ಮೊದಲನೆಯ ಜಾತಿ ಶಯ್ಯಾಸ್ಪರ್ಶಜಾಗ್ರತ. ಹೆಗಲ ಮೇಲೆ ಮಲಗುತ್ತದೆ, ಅಜ್ಜಿಯ ಹಳೇ ಸೀರೆಯ ಜೋಲಿಯಲ್ಲಿ ಮಲಗುತ್ತದೆ, ಬೆನ್ನು ಹಾಸಿಗೆಗೆ ತಾಗಿತೋ ಕಣ್ಣು ಬಿಡುತ್ತದೆ. ಹಸುಗೂಸಿನ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷದ್ದು, ಅದರಲ್ಲಿ ಅರ್ಧದಷ್ಟು ಕನಸಿನ ಹಗುರ ನಿದ್ದೆ. ಕೆಳಗಿಳಿಸುವಾಗ ಬಿದ್ದ ಹಾಗಾಗಿ ಕೈ ಎರಡೂ ಬೆಚ್ಚಿ ಅಗಲುವುದು ಮೋರೋ ಪ್ರತಿವರ್ತನೆ, ನಾಲ್ಕಾರು ತಿಂಗಳಲ್ಲಿ ತಾನೇ ಹೋಗುತ್ತದೆ ಎಂಬುದು ವೈದ್ಯರ ಮತ. ದೃಷ್ಟಿಯಾಗಿದೆ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಎಂಬುದು ಅಜ್ಜಿಯ ಮತ. ಎರಡನೆಯದನ್ನು ಖಂಡಿಸಬಹುದಿತ್ತು. ನಾಳೆ ಬೆಳಗ್ಗೆಯಿಂದ ಮಗುವನ್ನು ನೋಡಿಕೊಳ್ಳುವವರು ಅವರೇ ಆದ್ದರಿಂದ ಅದನ್ನು ಅಖಂಡವಾಗಿ ಉಳಿಸಿದ್ದೇವೆ.

ಎರಡನೆಯದು ಜಲಾರ್ಥಿ, ಇದರ ಅನಿವಾರ್ಯ ಉತ್ತರಾವಸ್ಥೆ ಮೂತ್ರಾರ್ಥಿ. ಇದನ್ನು ಹೆದರಿಸಿ ಮಲಗಿಸುವ ಗುಮ್ಮನ ಪ್ರಯೋಗಕ್ಕೆ ಪುರಂದರದಾಸರ ಕೃಷ್ಣನೇ ಹೆದರಿದ ಆಧಾರವಿದೆ. ಇಂದಿನ ಜಲಾರ್ಥಿ, ಗುಮ್ಮನ ವಿಡಿಯೋ ಹಾಕು ಎನ್ನುತ್ತದೆ.

ಮೂರನೆಯದು ಸಾಲವಸೂಲಿ. ನಮ್ಮ ಸಿದ್ಧಾಂತದಲ್ಲಿ ಜಾತಿ ಇದೊಂದೇ; ಜಲಾರ್ಥಿಯೂ ಇದರ ವೇಷಾಂತರವೇ. ಒಂದೆರಡು ವರ್ಷದ ಮಗುವಿಗೆ ಹಗಲೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಅದರಲ್ಲಿ ಎರಡು ಗಂಟೆಯನ್ನು ಡೇಕೇರ್‌ನವರು ಮಧ್ಯಾಹ್ನವೇ ಜಮೆ ಮಾಡಿರುತ್ತಾರೆ. ಔಟರ್ ರಿಂಗ್ ರೋಡಿನಲ್ಲಿ ತೆವಳಿ ಅಪ್ಪ ಅಮ್ಮ ಮನೆ ಮುಟ್ಟುವಾಗ ಎಂಟು. ಮಗುವಿನ ನಿದ್ದೆಯ ಖಾತೆ ಸರಿಯಾಗಿಯೇ ಇದೆ, ಬಾಕಿ ಇರುವುದು ಹೆತ್ತವರ ಖಾತೆಯಲ್ಲಿ. ಹಗಲಿನ ಅಸಲನ್ನು ಬಡ್ಡಿ ಸಮೇತ ವಸೂಲು ಮಾಡಲು ಮಗು ಕೂತಿದೆ, ನಾವು ಅದನ್ನು ಹಟ ಎನ್ನುತ್ತೇವೆ. ಅಷ್ಟರಲ್ಲಿ 9.30ಕ್ಕೆ ಒಬ್ಬರು ಮೀಟಿಂಗಿಗೆಂದು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ: ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗಿನ 9.

ಇನ್ನು ತಾಯಂದಿರ ವರ್ಗೀಕರಣ. (ಕೆಲಸವೋ ಮನೆಯೋ ಎಂಬ ತಕ್ಕಡಿಯಲ್ಲಿ ತಂದೆಯರನ್ನು ಯಾರೂ ಕೂರಿಸದ ಕಾರಣ ಅವರ ಬಗ್ಗೆ ಸಾಮಗ್ರಿ ಸಿಗಲಿಲ್ಲ.) 2017ರ ತಿದ್ದುಪಡಿಯಿಂದೀಚೆಗೆ ಮೊದಲೆರಡು ಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆ 26 ವಾರ. ಅಮ್ಮ ಕಣ್ಮರೆಯಾದರೆ ಅರಚಿ ಅಳಬೇಕೆಂಬುದನ್ನು ಮಗು ಕಲಿಯುವುದು ಸಾಮಾನ್ಯವಾಗಿ ಎಂಟನೇ ತಿಂಗಳ ಆಸುಪಾಸು. ರಜೆ ಮುಗಿದ ಮೇಲೆ, ಅಂದರೆ ಅವಳು ಪುನಃ ಪಾಸ್‌ವರ್ಡ್ ನೆನಪಿಸಿಕೊಂಡು ಕೂತ ಹೊತ್ತಿಗೆ ಸರಿಯಾಗಿ. 50 ಜನರಿಗಿಂತ ಕಡಿಮೆಯಿಲ್ಲದ ಸಂಸ್ಥೆ ಶಿಶುವಿಹಾರದ ಏರ್ಪಾಡು ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು ಎಂದೂ ಕಾನೂನು ಹೇಳುತ್ತದೆ. ಎಂಟು ತಿಂಗಳ ಕೂಸನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕು ದಾಟಿಸಿ ಅಲ್ಲಿಗೆ ಒಯ್ಯುವ ಬಗೆಯನ್ನು ಹೇಳುವುದಿಲ್ಲ.

ಹೀಗಾಗಿ ಮೂರು ಪ್ರಭೇದ. ಕೆಲಸಕ್ಕೆ ಮರಳಿದವಳು ಪ್ರತ್ಯಾಗತೆ, ಬಿಟ್ಟವಳು ಗೃಹಸ್ಥಿತೆ, ಮನೆಯಿಂದಲೇ ದುಡಿಯುವವಳು ಉಭಯಸ್ಥೆ; ಕೊನೆಯವಳನ್ನು ಅತ್ತೆ ಮತ್ತು ಮ್ಯಾನೇಜರು ಬೇರೆ ಬೇರೆ ಕಾರಣಕ್ಕೆ ಉಭಯಭ್ರಷ್ಟೆ ಎನ್ನುತ್ತಾರೆ. ಬಿಡುವುದೋ ಇರುವುದೋ ಎಂದು ತೀರ್ಮಾನಿಸುವ ಗಣಿತ ಎಲ್ಲ ಮನೆಯಲ್ಲೂ ಒಂದೇ: ಡೇಕೇರ್ ಫೀಸು, ಆಯಾ ಸಂಬಳ, ಕ್ಯಾಬ್ ಬಾಡಿಗೆ ಕೂಡಿಸಿ ಅವಳ ಸಂಬಳದಿಂದ ಕಳೆಯುವುದು. 'ಉಳಿಯೋದೇ ಇಷ್ಟು, ಇದಕ್ಯಾಕೆ ಒದ್ದಾಟ?' ಮಗು ಇಬ್ಬರದು, ಕಳೆಯುವ ಲೆಕ್ಕ ಒಬ್ಬಳದು. ಕಾರಿನ ಕಂತು, ಪೆಟ್ರೋಲು ಕಳೆದು ಗಂಡನಿಗೆ ಹೀಗೆ ಕೇಳಿದ ಮನೆ ನಮ್ಮ ಅಧ್ಯಯನಕ್ಕೆ ದೊರೆತಿಲ್ಲ.

ಇಲ್ಲೊಂದು ಆಕ್ಷೇಪ: ಸಿದ್ಧಾಂತ ನಿಜವಾದರೆ ಗೃಹಸ್ಥಿತೆಯ ಮಗು ಎಂಟಕ್ಕೇ ಮಲಗಬೇಕಲ್ಲ? ಮಲಗುವುದಿಲ್ಲ, ಹೌದು. ಆ ಮನೆಯ ಸಾಲಗಾರ ಇನ್ನೂ ಟ್ರಾಫಿಕ್ಕಿನಲ್ಲಿದ್ದಾನೆ.

ಅಂಥ ಸಾಲಗಾರನೇ ಮಲಗಿಸಲು ಹೋದರೆ ಏನಾಗುತ್ತದೆಂಬುದು ಉಭಯಸ್ಥೆಯ ಮನೆಯಲ್ಲಿ ಕಂಡುಬರುತ್ತದೆ. ದೀಪ ಆರಿಸಿ, ಕಾಗೆ ನರಿಯ ಕತೆಯಲ್ಲಿ ನರಿ ಬರುವ ಮೊದಲೇ ತಂದೆ ಗೊರಕೆ ಹೊಡೆಯುತ್ತಾನೆ. ಮಗು ಎದ್ದು ಹಾಲ್‌ಗೆ ಬಂದು, ಮೀಟಿಂಗಿನಲ್ಲಿರುವ ಅಮ್ಮನಿಗೆ 'ಅಪ್ಪ ಮಲ್ಕೊಂಡ್ತು' ಎಂದು ಗಟ್ಟಿಯಾಗಿ ವರದಿ ಒಪ್ಪಿಸುತ್ತದೆ. ಇದನ್ನು ಜಾಗರಣವೆನ್ನಬೇಕೇ, ಮಗುವೇ ಅಪ್ಪನನ್ನು ಮಲಗಿಸಿದ್ದೆನ್ನಬೇಕೇ ಎಂಬಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿದೆ. ಮೈಕು ಮ್ಯೂಟ್ ಆಗಿರಲಿಲ್ಲವೆಂಬಲ್ಲಿ ಕ್ಯಾಲಿಫೋರ್ನಿಯಾದವರದು ಒಮ್ಮತ.