ಕೆಫೆ ರಾಯರ ಎಕ್ಸೆಲ್ ಶೀಟು

ಪ್ರತಿ ಗೆಳೆಯರ ಬಳಗದಲ್ಲೂ ಮುಂದಿನ ಯುಗಾದಿಗೆ ಕೆಫೆ ತೆರೆಯುವವರೊಬ್ಬರು ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಂತೂ ಸಾಫ್ಟ್‌ವೇರ್ ಕಂಪನಿಗೆ ಒಬ್ಬೊಬ್ಬರಂತೆ ಹಂಚಿಹೋಗಿದ್ದಾರೆ. ನಮ್ಮ ಬಳಗದವರನ್ನು ನಾವು ಕೆಫೆ ರಾಯರು ಎನ್ನುತ್ತೇವೆ. ಮಾಡುವುದು ಮ್ಯಾನೇಜರ್ ಕೆಲಸ, ವಯಸ್ಸು ನಲವತ್ತರ ಆಸುಪಾಸು, ಇಎಂಐ ಎರಡು, ಕನಸು ಒಂದು. ಕೆಫೆಗೆ ಹೆಸರಿದೆ, ಲೋಗೋ ಇದೆ, ಗೋಡೆಗೆ ಬಳಿಯಬೇಕಾದ ಹಸಿರು ಬಣ್ಣದ ನಂಬರೂ ಇದೆ. ಇಲ್ಲದಿರುವುದು ಗೋಡೆ ಮಾತ್ರ.

ಅದನ್ನು ಬಾಡಿಗೆಗೆ ಹಿಡಿಯಬೇಕು, ಹಿಡಿಯುವ ಮೊದಲು ಬಿಸಿನೆಸ್ ಪ್ಲಾನ್ ಬರೆಯಬೇಕು. ಬರೆಯುವುದು ಎಲ್ಲಿ ಅಂತೀರಿ? ಇನ್ಯಾರದೋ ಕೆಫೆಯಲ್ಲಿ. ಶನಿವಾರ ಬೆಳಗ್ಗೆ ಹೋಗಿ, ಪ್ಲಗ್ ಪಾಯಿಂಟ್ ಇರುವ ಕಿಟಕಿ ಪಕ್ಕದ ಟೇಬಲ್ ಹಿಡಿದು, ಒಂದೇ ಒಂದು ಕ್ಯಾಪುಚಿನೊ ತರಿಸಿ ಲ್ಯಾಪ್‌ಟಾಪ್ ಬಿಚ್ಚಿದರೆ ಏಳುವುದು ಊಟದ ಹೊತ್ತಿಗೆ. ನಡುನಡುವೆ "ಸ್ವಲ್ಪ ನೀರು ಕೊಡಪ್ಪ" ಎನ್ನುತ್ತಾರೆ. ಬಾಟಲಿಯದಲ್ಲ, ಮಾಮೂಲಿ ನೀರು. ಅವರ ಎಕ್ಸೆಲ್ ಶೀಟಿನಲ್ಲಿ ಒಂದು ಸಾಲು ಹೀಗಿದೆ: ಒಬ್ಬ ಗಿರಾಕಿ ಕೂರುವ ಸರಾಸರಿ ಸಮಯ, 35 ನಿಮಿಷ.

"ಈ 35 ಎಲ್ಲಿಂದ ಬಂತು ರಾಯರೇ?" ಎಂದು ಕೇಳಿದೆ.

"ಅಬ್ಸರ್ವೇಶನ್ ಮಾಡಿದ್ದು. ಇದೇ ಟೇಬಲ್‌ನಲ್ಲಿ ಮೂರು ಗಂಟೆ ಕೂತು ನೋಡಿದೀನಿ" ಎಂದರು.

ಶೀಟಿನ ಮೊದಲ ಪುಟದಲ್ಲಿ ಸದ್ಯಕ್ಕೆ ಬಸವನಗುಡಿಯ ಒಂದು ಅಡ್ಡರಸ್ತೆಯ ಮಳಿಗೆಯಿದೆ. 600 ಚದರಡಿ, ತಿಂಗಳಿಗೆ 80,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್. ರಾಯರ ಮನೆಯವರು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರು. ಶೀಟಿನ ಮೇಲೆ ಒಮ್ಮೆ ಕಣ್ಣಾಡಿಸಿ, "ರೀ, ಬಾಡಿಗೆ 80,000 ಅಲ್ಲ, 94,400" ಎಂದರು. ವಾಣಿಜ್ಯ ಬಾಡಿಗೆಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮಾಲೀಕರು ನೋಂದಣಿ ಮಾಡಿಸಿಲ್ಲ ಎಂದು ಹಿಗ್ಗುವಂತಿಲ್ಲ. 2024ರ ಅಕ್ಟೋಬರ್‌ನಿಂದ, ಜಿಎಸ್‌ಟಿ ನೋಂದಣಿ ಇರುವ ಬಾಡಿಗೆದಾರನೇ ಅದನ್ನು ಕಟ್ಟಬೇಕು. ಕೆಫೆಯವರು ಗಿರಾಕಿಯಿಂದ ವಸೂಲು ಮಾಡುವುದು 5 ಪರ್ಸೆಂಟ್, ಅದರಲ್ಲಿ ಇದನ್ನು ಕಳೆದುಕೊಳ್ಳಲು ಬರುವುದಿಲ್ಲ. ಮೇಲಿನ 14,400 ಕೈ ಬಿಟ್ಟಂತೆಯೇ. ಬಾಡಿಗೆ ಒಟ್ಟು ವ್ಯಾಪಾರದ 15 ಪರ್ಸೆಂಟ್ ದಾಟಬಾರದು ಎನ್ನುವುದು ಈ ಕಸುಬಿನಲ್ಲಿ ಪಳಗಿದವರ ಲೆಕ್ಕ. ಹಾಗಾದರೆ ತಿಂಗಳಿಗೆ ಆರು ಲಕ್ಷ ಮೂವತ್ತು ಸಾವಿರ, ದಿನಕ್ಕೆ ಇಪ್ಪತ್ತೊಂದು ಸಾವಿರ ರೂಪಾಯಿ ಗಲ್ಲಾಪೆಟ್ಟಿಗೆಗೆ ಬೀಳಬೇಕು. ಕಾಫಿಗೆ 180 ಇಟ್ಟರೂ ದಿನವೂ 117 ಲೋಟ, ಮಳೆ ಬಂದ ದಿನವೂ ಸೇರಿ.

"ಅಷ್ಟು ಹೋಗತ್ತಾ?" ಎಂದು ಮನೆಯವರು.

ರಾಯರು ಸುಮ್ಮನೆ ಒಂದು ಸೆಲ್ ಕ್ಲಿಕ್ ಮಾಡಿ 117 ಇದ್ದದ್ದನ್ನು 200 ಮಾಡಿದರು. ಕೆಳಗೆ ಕೆಂಪಗಿದ್ದ ಲಾಭದ ಅಂಕಿ ಹಸಿರಾಯಿತು. ಅವರ ಮುಖದಲ್ಲಿ ಆಗ ಕಂಡ ಸಂತೋಷ ನಿಜವಾದ ಕೆಫೆ ಮಾಲೀಕರ ಮುಖದಲ್ಲಿ ನನಗೆ ಈವರೆಗೆ ಕಂಡಿಲ್ಲ. ಸಾಲದ ಪುಟವೂ ಹಾಗೆಯೇ. ಮುದ್ರಾ ಯೋಜನೆಯಲ್ಲಿ ಹೊಸಬರಿಗೆ ಹೆಚ್ಚೆಂದರೆ ಹತ್ತು ಲಕ್ಷ. ಅಷ್ಟೂ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಎಂಟು ಲಕ್ಷ ಅಡ್ವಾನ್ಸಿಗೆ ಹೋದ ಮೇಲೆ ಉಳಿಯುವುದು ಹಸಿರು ಬಣ್ಣಕ್ಕೆ ಸರಿಹೋಗುತ್ತದೆ.

ಮಳಿಗೆ ನೋಡಲು ನಾನೂ ಜೊತೆಗೆ ಹೋಗಿದ್ದೆ. ಮಾಲೀಕರು ನಿವೃತ್ತ ಹೈಸ್ಕೂಲು ಮೇಷ್ಟ್ರು, ಮೇಲಿನ ಮನೆಯಲ್ಲೇ ವಾಸ.

"ಏನು ವ್ಯಾಪಾರ?"

"ಕೆಫೆ ಸರ್. ಚಿಕ್ಕಮಗಳೂರಿನ ಒಂದೇ ತೋಟದ ಬೀಜ, ಅಪ್ಪಟ ಅರೇಬಿಕಾ."

"ಚಿಕೋರಿ ಎಷ್ಟು ಹಾಕ್ತೀರಿ?"

"ಹಾಕೋದೇ ಇಲ್ಲ ಸರ್."

ಮೇಷ್ಟ್ರ ಮುಖ ಸಪ್ಪಗಾಯಿತು. "ಹಾಲಿಗೆ ನಿಲ್ಲಬೇಕಲ್ಲ ಮತ್ತೆ? ಹೋಗಲಿ, ಲೋಟಕ್ಕೆ ಎಷ್ಟು?"

"ನೂರ ಎಂಬತ್ತು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದ್ರೆ ಬಾಡಿಗೆ ನಾನೇ ಕಮ್ಮಿ ಹೇಳಿಬಿಟ್ಟೆ."

ರಾಯರು ಕಲಿತು ಬಂದಿದ್ದ ಪ್ರಶ್ನೆಗಳನ್ನು ತೆಗೆದರು. ಕಟ್ಟಡಕ್ಕೆ ಒಸಿ ಇದೆಯಾ ಎಂದರೆ, "ಅದೇನು ಬೇಕೋ ನೀವೇ ಮಾಡಿಸ್ಕೊಳ್ಳಿ, ನನ್ನ ಅಭ್ಯಂತರ ಇಲ್ಲ" ಎಂಬ ಉದಾರ ಉತ್ತರ. ಕರೆಂಟು ಎಷ್ಟು ಕಿಲೋವ್ಯಾಟ್ ಎಂದರೆ, ಹಿಂದೆ ಇದ್ದ ದರ್ಜಿ ಎಂದೂ ದೂರಿರಲಿಲ್ಲವಂತೆ. ಎಸ್ಪ್ರೆಸೊ ಮೆಷಿನ್ ಒಂದೇ ನಾಲ್ಕು ಹೊಲಿಗೆ ಅಂಗಡಿಯ ಕರೆಂಟು ಕುಡಿಯುತ್ತದೆ ಎಂದು ಮೇಷ್ಟ್ರಿಗೆ ಹೇಳುವವರು ಯಾರು? ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದರು: "ಕೇಕಿಗೆ ಮೊಟ್ಟೆ ಹಾಕ್ತೀರಾ?" ಅಂದು ರಾತ್ರಿ ಶೀಟಿನಲ್ಲಿ ಎಗ್‌ಲೆಸ್ ಎಂಬ ಹೊಸ ಕಾಲಮ್ ಹುಟ್ಟಿಕೊಂಡಿತು.

ನನಗನ್ನಿಸುವುದು ಬೇರೆ. ಬೆಂಗಳೂರು ಈ ಬಾಡಿಗೆಯ ಲೆಕ್ಕವನ್ನು ಎಂದೋ ಬಿಡಿಸಿಟ್ಟಿದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂದಾಗ ಮಾಡಿದ ಮುಖ್ಯ ಕೆಲಸ ಕುರ್ಚಿ ತೆಗೆದದ್ದು. ನಿಂತು ತಿನ್ನುವವನು ಎಷ್ಟು ಹೊತ್ತು ನಿಂತಾನು? ಹತ್ತು ನಿಮಿಷಕ್ಕೆ ಜಾಗ ಖಾಲಿ, ಇನ್ನೊಬ್ಬ ಹಾಜರು. ಕುರ್ಚಿ ಇಟ್ಟು ಕೂರಿಸಿದವರೂ ಇದ್ದಾರೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಶುರುವಾದ ಮೊದಲ ಕೆಫೆ ಕಾಫಿ ಡೇ ಕಾಫಿಯ ಜೊತೆ ಇಂಟರ್ನೆಟ್ಟನ್ನೂ ಮಾರಿತು. ಕೂತವನು ಕೂತದ್ದಕ್ಕೂ ದುಡ್ಡು ಕೊಡುತ್ತಿದ್ದ. ರಾಯರು ಕೊಡುವುದು ಆರಾಮ ಕುರ್ಚಿ, ಪುಸ್ತಕದ ಕಪಾಟು, ಪುಕ್ಕಟೆ ವೈಫೈ. ದರ್ಶಿನಿಯ ಮಾತೆತ್ತಿದರೆ "ಆಂಬಿಯೆನ್ಸ್ ಇಲ್ಲ" ಎಂದು ಮೂಗು ಮುರಿಯುತ್ತಾರೆ. ಅವರ ಕೆಫೆಯ ಸುಖವೆಲ್ಲ ಅವರಂಥ ಗಿರಾಕಿಗೆ, ಬಾಡಿಗೆ ಮಾತ್ರ ಅವರಿಗೆ. ಇದನ್ನು ಹೇಳಿದ್ದಕ್ಕೆ ನನ್ನ ಹೆಸರನ್ನು ಶೀಟಿನ 'ರಿಸ್ಕ್' ಪುಟಕ್ಕೆ ಸೇರಿಸಿಕೊಂಡರು.

ಮೇಷ್ಟ್ರು ಮೂರು ವರ್ಷದ ಲಾಕ್-ಇನ್ ಕೇಳಿದರು, ರಾಯರು ಇಂಟೀರಿಯರ್ ಮುಗಿಯುವವರೆಗೆ ಬಾಡಿಗೆ ಬೇಡ ಎಂದರು. ಇಬ್ಬರೂ ಯೋಚಿಸಿ ಹೇಳುತ್ತೇವೆ ಎಂದು ಯೋಚಿಸುತ್ತಿರುವಾಗ ಆ ಮಳಿಗೆಗೆ ಮೆಡಿಕಲ್ ಸ್ಟೋರ್ ಬಂತು. ರಾಯರು ಕುಗ್ಗಿಲ್ಲ, ಫೈಲನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿಕೊಂಡು ಈಗ ರಾಜಾಜಿನಗರದ ಕಡೆ ನೋಡುತ್ತಿದ್ದಾರೆ.

ನಿಮ್ಮ ಗುರುತಿನಲ್ಲಿ ಒಸಿ ಇರುವ, ತ್ರೀ ಫೇಸ್ ಕರೆಂಟಿರುವ, ಮೊಟ್ಟೆಗೆ ತಕರಾರಿಲ್ಲದ ಮಳಿಗೆಯೇನಾದರೂ ಇದ್ದರೆ ದಯವಿಟ್ಟು ತಿಳಿಸಿ. ಶನಿವಾರವಾದರೆ ರಾಯರು ಎಲ್ಲಿ ಸಿಗುತ್ತಾರೆಂದು ಗೊತ್ತಲ್ಲ. ಅಡ್ವಾನ್ಸ್ ವಿಷಯ ಮಾತ್ರ ಅವರ ಮನೆಯವರ ಹತ್ತಿರವೇ ಮಾತಾಡಿ.