ಬಿಟ್ಟಿ ಗಿರಾಕಿಯ ತಪ್ಪೊಪ್ಪಿಗೆ

'ಬಿಟ್ಟಿ ಭಾಗ್ಯ ಕೊಟ್ಟು ಜನರನ್ನು ಸೋಮಾರಿ ಮಾಡಿಬಿಟ್ಟರು' ಎಂದು ವಿಮಾನ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತಾ ಮರುಗುವ ಮಹನೀಯರಿಗೆ, ಚನ್ನರಾಯಪಟ್ಟಣದ ಹೆಂಗಸೊಬ್ಬಳ ನಮಸ್ಕಾರಗಳು. ಹಾಸನ ಜಿಲ್ಲೆಯದಲ್ಲ ಸ್ವಾಮಿ, ದೇವನಹಳ್ಳಿ ತಾಲ್ಲೂಕಿನದು. ನಿಮ್ಮ ವಿಮಾನದ ಸದ್ದು ಕೇಳುವಷ್ಟು ಹತ್ತಿರ.

ತಪ್ಪು ಒಪ್ಪಿಕೊಳ್ಳುತ್ತೇನೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿದ್ದೇನೆ. ಸೊಪ್ಪು ಮಾರಲು ದೇವನಹಳ್ಳಿಗೆ ಹೋಗುತ್ತೇನೆ, ಒಮ್ಮೊಮ್ಮೆ ಸುಮ್ಮನೆ ತಂಗಿಯನ್ನು ನೋಡಿಬರಲು. ಈ 'ಸುಮ್ಮನೆ'ಯೇ ನಿಮಗೆ ತಡೆಯಲಾಗದ್ದು ಅಂತ ಕಾಣುತ್ತದೆ. ಸರ್ಕಾರದಿಂದ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳುತ್ತದೆ. ಬೀಳದ ತಿಂಗಳೂ ಉಂಟು, ಆಗ ನನ್ನ ಸೋಮಾರಿತನಕ್ಕೂ ರಜೆ.

ಒಂದು ಮಾತು ಮಾತ್ರ ಗೊಂದಲ. ಬಿಟ್ಟಿ ಎಂದರೆ ಹಿಂದೆ ಕೂಲಿ ಕೊಡದೆ ರೈತನಿಂದ ಮಾಡಿಸಿಕೊಳ್ಳುತ್ತಿದ್ದ ಚಾಕರಿ. ಸಂಸ್ಕೃತದ ವಿಷ್ಟಿಯೇ ನಮ್ಮ ಬಾಯಲ್ಲಿ ಬಿಟ್ಟಿ ಆಯಿತು. ಚಾಕರಿ ಕೊಟ್ಟು ಕೆಟ್ಟವನ ಹೆಸರು, ಪುಕ್ಕಟೆ ಪಡೆದವನಿಗೆ ಅಂಟಿದ್ದು ಯಾವಾಗ?

ಕೊಡುವ ಸರದಿ ನಮಗೂ ಬಂತು: 2022ರಲ್ಲಿ ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆ ವೈಮಾನಿಕ ಉದ್ದಿಮೆಗೆ ಬೇಕು ಅಂದಿತು ಸರ್ಕಾರ. ಪರಿಹಾರ ಕೊಡುತ್ತೇವೆ ಎಂದರು, ನಿಜ. ಒಲ್ಲೆ ಎನ್ನಲು ಮಾತ್ರ ಅವಕಾಶವಿರಲಿಲ್ಲ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವವರು ನಾಡಕಚೇರಿ ಮುಂದೆ ಮೂರು ವರ್ಷ ದಾಟಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಭೂಸ್ವಾಧೀನ ಕೈಬಿಟ್ಟೆವು ಎಂದರು. ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್ ಕಂಪನಿಗಳನ್ನು ಕರೆದರು: ಬೆಂಗಳೂರಿನ ಪಕ್ಕದಲ್ಲೇ 8,000 ಎಕರೆ ಸಿದ್ಧವಿದೆ, ಜೊತೆಗೆ ಪ್ರೋತ್ಸಾಹಕಗಳೂ ಉಂಟು, ಬನ್ನಿ! ಕಂಪನಿಗಳು ಸೋಮಾರಿಯಾದಾವೆಂದು ನೀವು ಒಂದು ಹನಿ ಕಣ್ಣೀರೂ ಹಾಕಲಿಲ್ಲ.

2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿತು. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಲೆಕ್ಕ ಹೇಳಿದ್ದೂ ಸರ್ಕಾರವೇ. ಅದಕ್ಕೆ ಉತ್ತೇಜನ ಅಂತ ಹೆಸರು. ನನ್ನ ಜೀರೋ ಟಿಕೆಟ್ಟಿಗೆ ಪ್ರಧಾನಿಗಳ 2022ರ ಭಾಷಣದ ನಂತರ 'ರೇವಡಿ' ಎಂಬ ಸಿಹಿ ಹೆಸರು. ನಾನಂತೂ ಆ ಮಿಠಾಯಿ ತಿಂದವಳಲ್ಲ.

ಒಮ್ಮೆ ನಮ್ಮೂರಿಗೆ ಬನ್ನಿ, ಹಿಡಿ ಸೊಪ್ಪು ಬಿಟ್ಟಿಯಾಗಿಯೇ ಕೊಡುತ್ತೇನೆ. ಗಂಡಸರಾದರೆ ಬಸ್ಸಿಗೆ ಚಿಲ್ಲರೆ ತನ್ನಿ. ಇಲ್ಲದಿದ್ದರೆ ಕಂಡಕ್ಟರು ಬೈಯುತ್ತಾರೆ.

ಇಂತಿ,
ಮಹಿಳಾ ಸೀಟಿನಲ್ಲಿ ಕೂತವಳು