ಅಸಲಪ್ಪ

ಹೆಂಡತಿಯಿಂದ ಬೇರೆಯಾದ ಮೇಲೆ, ಮನೆಸಾಲದ ಅಸಲನ್ನು ಅವಧಿಗೆ ಮೊದಲೇ ತೀರಿಸುವುದೊಂದೇ ಬಾಳಿನ ಗುರಿ ಎಂದುಕೊಂಡ, ಮೂವತ್ತೈದು ದಾಟಿದ ಸಂಬಳದಾರ ಗಂಡಸನ್ನು ಅಸಲಪ್ಪ ಎನ್ನಬಹುದು. ಊರಿನಲ್ಲಿ ಇವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಎಲ್ಲಿ ಎಂದು ಕೇಳಿದರೆ ‘ಲೋನ್ ಕಟ್ಟಕ್ಕೆ ಹೋಗವ್ನೆ’ ಎನ್ನುತ್ತಾರೆ, ಅಷ್ಟೇ. ಕರ್ನಾಟಕದ ಎಲ್ಲ ಕಡೆಯೂ ಸಿಗುವವನಾದರೂ ಕೋಲಾರ ತಾಲ್ಲೂಕಿನ ವೇಮಗಲ್ ಸೀಮೆಯಲ್ಲಿ ಇವನ ಬೆಳೆ ಹುಲುಸು.

ಅದಕ್ಕೆ ಕಾರಣ ಮಣ್ಣಿನ ಗುಣವಲ್ಲ. ಕೋಲಾರ–ಚಿಕ್ಕಬಳ್ಳಾಪುರ ರಸ್ತೆಯ ಈ ಹೋಬಳಿ ಕೇಂದ್ರಕ್ಕೆ ಕೈಗಾರಿಕಾ ಪ್ರದೇಶ ಬಂದಿತು. ಅತ್ತ ನರಸಾಪುರದಲ್ಲಿ ಬೈಕಿನ ಕಾರ್ಖಾನೆ, ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ ಎದ್ದವು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಡೇರಿಗೆ ಹಾಲು ಹಾಕಿ ನಡೆಯುತ್ತಿದ್ದ ಮನೆಗಳಿಗೆ ಪೇ ಸ್ಲಿಪ್ ಬಂದಿತು. ಪೇ ಸ್ಲಿಪ್ ಬೆನ್ನಿಗೇ ಬ್ಯಾಂಕಿನವರೂ ಬಂದರು. ಅಪ್ಪ ಕೊಟ್ಟ ಸೈಟಿನ ಮೇಲೆ ಸಾಲದ ಮನೆ ಎದ್ದಿತು. ಬೇರೆಯಾಗುವುದೂ ಈ ಊರಿಗೆ ಹೊಸದಲ್ಲ: 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ವೇಮಗಲ್ ಹೆಸರಿನ ವಿಧಾನಸಭಾ ಕ್ಷೇತ್ರವೇ ಅಳಿಸಿಹೋಯಿತು. ಅದಕ್ಕೆ ಯಾರೂ ಜೀವನಾಂಶ ಕೊಡಲಿಲ್ಲ.

ಅಸಲಪ್ಪನ ಸಾಲ ಸಾಮಾನ್ಯವಾಗಿ ಜಂಟಿ ಸಾಲ. ಇಬ್ಬರ ಸಂಬಳ ತೋರಿಸಿದರೆ ಹೆಚ್ಚು ಸಾಲ ಸಿಗುತ್ತದೆ. ಹೆಂಗಸಿನ ಹೆಸರು ಸೇರಿದರೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 0.05 ಇಳಿಸುತ್ತವೆ. ಆ ಶೇ 0.05 ಮದುವೆಗಿಂತ ಹೆಚ್ಚು ಕಾಲ ಬಾಳಿದ್ದುಂಟು. ಗಂಡ ಹೆಂಡತಿ ಬೇರೆಯಾದ ಸಂಗತಿ ಬ್ಯಾಂಕಿನ ಕಡತಕ್ಕೆ ಹೋಗುವುದಿಲ್ಲ. ಜಂಟಿ ಸಾಲದಲ್ಲಿ ಪ್ರತಿಯೊಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಕಂತು ಯಾರು ಕಟ್ಟಬೇಕೆಂದು ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬರೆದುಕೊಟ್ಟರೂ ಅದು ಅವರಿಬ್ಬರ ನಡುವಿನ ಮಾತು. ಬ್ಯಾಂಕು ಅದಕ್ಕೆ ಕಟ್ಟುಬಿದ್ದಿಲ್ಲ. ಇವನು ಒಂದು ಕಂತು ತಪ್ಪಿಸಿದರೆ ಮುಳಬಾಗಿಲಿನ ತವರಿನಲ್ಲಿರುವ ಅವಳ ಸಿಬಿಲ್ ಅಂಕವೂ ಇಳಿಯುತ್ತದೆ. ಒಟ್ಟಿಗೆ ಏರಿಳಿಯಲು ಇಬ್ಬರಿಗೂ ಉಳಿದಿರುವುದು ಅದೊಂದೇ.

ಅಸಲಪ್ಪನಿಗೆ ಅಸಲಿನ ಹುಚ್ಚು ಹಿಡಿಯುವುದು ಈ ಹಂತದಲ್ಲಿ. ಬೇರೆಯಾದವನ ಕೈಯಲ್ಲಿ ಸಾಮಾನ್ಯವಾಗಿ ಮೂರು ವ್ಯವಹಾರಗಳಿರುತ್ತವೆ: ಕೇಸು, ಜೀವನಾಂಶ, ಸಾಲ. ಕೇಸಿನ ತಾರೀಖು ನ್ಯಾಯಾಧೀಶರ ಕೈಯಲ್ಲಿ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ಅರ್ಜಿ ಹಾಕಿದರೂ ಎರಡನೇ ಸಲ ಹೇಳಿಕೆ ಕೊಡಲು ಆರು ತಿಂಗಳು ಕಾಯಬೇಕು. ಆ ಅವಧಿಯನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತಾದರೂ, ಮಾಡಲೇಬೇಕೆಂದು ಹೇಳಲಿಲ್ಲ. ಜೀವನಾಂಶ ಆದೇಶದಂತೆ. ಇವನು ಹೇಳಿದ ಹಾಗೆ ಕೇಳುವುದು ಸಾಲ ಮಾತ್ರ. ಯಾವ ಸೋಮವಾರ ಬೇಕಾದರೂ ಹೋಗಿ ಅದನ್ನು ಒಂದಿಷ್ಟು ಕತ್ತರಿಸಿ ಬರಬಹುದು; ವಕೀಲರು ಬೇಡ, ಎದುರು ಪಾರ್ಟಿ ಬೇಡ, ವಾಯಿದೆ ಇಲ್ಲ. ಅಡಮಾನವಾದ ಮನೆಯಲ್ಲಿ ಒಬ್ಬನೇ ಮುದ್ದೆ ಮುರಿಯುವವನಿಗೆ ಇದು ಸಣ್ಣ ಸಮಾಧಾನವೇನಲ್ಲ.

ಲೆಕ್ಕದಲ್ಲಿ ಇವನನ್ನು ಹಿಡಿಯಲಾಗದು ಎಂಬುದನ್ನು ಒಪ್ಪಬೇಕು. 25 ಲಕ್ಷ ರೂಪಾಯಿ, ಶೇ 8.5 ಬಡ್ಡಿ, 20 ವರ್ಷ: ಕಂತು 21,696 ರೂಪಾಯಿ. ಮೊದಲ ಕಂತಿನಲ್ಲಿ 17,708 ಬಡ್ಡಿಗೆ, ಬರೀ 3,988 ಅಸಲಿಗೆ. ಒಂದು ವರ್ಷ ಕಳೆದ ಮೇಲೆ ಒಂದು ಲಕ್ಷವನ್ನು ಒಟ್ಟಿಗೆ ಅಸಲಿಗೆ ಕಟ್ಟಿ, ಕಂತನ್ನು ಹಾಗೇ ಮುಂದುವರಿಸಿದರೆ ಕೊನೆಯಲ್ಲಿ ಸುಮಾರು 21 ಕಂತುಗಳು ಉದುರುತ್ತವೆ. ಬಡ್ಡಿಯಲ್ಲಿ ಮೂರೂವರೆ ಲಕ್ಷಕ್ಕೂ ಮೇಲೆ ಉಳಿತಾಯ. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಮುಂಗಡ ಕಟ್ಟಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ ಎಂಬುದೂ ಅವನಿಗೆ ಗೊತ್ತು. ಕೌಂಟರಿನಲ್ಲಿ ಯಾರೂ ಕೇಳದಿದ್ದರೂ ಹೇಳುತ್ತಾನೆ. ಟೀ ಅಂಗಡಿಯಲ್ಲಿ ಉಳಿದವರು ಬೆಂಗಳೂರಿನಿಂದ ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು ಯಾವ ಕೆರೆಗೆ ಬಂತು, ಯಾವ ಕೆರೆಗೆ ಬರಲಿಲ್ಲ ಎಂದು ವಾದಿಸುವಾಗ ಇವನು ಮನೆಸಾಲದ ಬಡ್ಡಿಯನ್ನು ಕುಣಿಸುವ ರೆಪೋ ದರದ ಮಾತೆತ್ತುತ್ತಾನೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ಅದು ಶೇ 4ರಿಂದ 6.5ಕ್ಕೆ ಏರಿದಾಗ, ಕಂತು ಹಾಗೇ ಉಳಿದು ಅವಧಿ ಬೆಳೆಯಿತು. ಉಳಿದ ಸಾಲಗಾರರು ಅದನ್ನು ಗಮನಿಸಲೇ ಇಲ್ಲ. ಅಸಲಪ್ಪ ಅದನ್ನು ತನ್ನ ಮೇಲಿನ ಸಂಚೆಂದು ತಿಳಿದು ಬೋನಸ್ಸನ್ನು ಅಸಲಿಗೆ ಜಡಿದ. 2025ರಲ್ಲಿ ದರ ಇಳಿದಾಗಲೂ ಜಡಿದ. ಏರಿದರೂ ಇಳಿದರೂ ಇವನ ಚಿಕಿತ್ಸೆ ಒಂದೇ.

ಇಷ್ಟರವರೆಗೆ ಇವನನ್ನು ನೋಡಿ ನಗುವಂಥದ್ದೇನಿಲ್ಲ. ನಗು ಶುರುವಾಗುವುದು ಉಳಿತಾಯ ಖಾತೆಯ ಪಾಸ್‌ಬುಕ್ ತೆರೆದಾಗ. ಅದರಲ್ಲಿ ಕನಿಷ್ಠ ಶಿಲ್ಕು ಬಿಟ್ಟು ಬೇರೇನೂ ಇರುವುದಿಲ್ಲ.

ಆಪತ್ತಿಗೆ ಎಂದು ಪ್ರತ್ಯೇಕ ದುಡ್ಡಿಡುವ ಅಭ್ಯಾಸ ಇವನಿಗೆ ಇಲ್ಲದಿರುವುದಕ್ಕೆ ಚಾರಿತ್ರಿಕ ಕಾರಣವಿದೆ. ಈ ಸೀಮೆಯ ಮನೆಗಳಲ್ಲಿ ಆಪತ್ತಿನ ನಿಧಿ ಎಂದೂ ಬ್ಯಾಂಕಿನಲ್ಲಿ ಇದ್ದದ್ದಲ್ಲ, ಹೆಂಡತಿಯ ಕೊರಳಲ್ಲಿ ಇದ್ದದ್ದು. ಬೋರು ಬತ್ತಿದರೆ ಸರ ಗಿರವಿ, ಆಸ್ಪತ್ರೆಗೆ ಬಳೆ ಗಿರವಿ, ನಾದಿನಿಯ ಮದುವೆಗೆ ಓಲೆಯೂ ಗಿರವಿ. ಚಿನ್ನದ ನಾಡೆಂದು ಹೆಸರಾದ ಜಿಲ್ಲೆಯಲ್ಲಿ ಗಣಿ 2001ರಲ್ಲಿ ಮುಚ್ಚಿತು. ಬೀರುವಿನೊಳಗಿನ ಗಣಿ ಮುಚ್ಚಲಿಲ್ಲ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನದಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲೇ ತೀರ್ಪಿತ್ತಿದೆ. ಅವಳು ತವರಿಗೆ ಹೊರಟ ದಿನ ಒಡವೆಯೂ ನ್ಯಾಯವಾಗಿ ಹೊರಟಿತು, ಅದರ ಜೊತೆಗೆ ಮನೆಯ ಆಪತ್ತಿನ ನಿಧಿಯೂ. ಅಸಲಪ್ಪ ಹೆಂಡತಿ ಹೋದದ್ದನ್ನು ಗಮನಿಸಿದ. ನಿಧಿ ಹೋದದ್ದನ್ನು ಗಮನಿಸಲಿಲ್ಲ. ಕೊರಳಿನ ಸರ ಇನ್ನೂ ಬೀರುವಿನಲ್ಲೇ ಇದೆ ಎಂಬ ಧೈರ್ಯದಲ್ಲಿ ಕೈಗೆ ಬಂದದ್ದನ್ನೆಲ್ಲ ಅಸಲಿಗೆ ಕಟ್ಟುತ್ತಾ ಬಂದ.

ಅಸಲಿಗೆ ಕಟ್ಟಿದ ದುಡ್ಡು ಎಂಥದ್ದೆಂಬುದನ್ನು ಕೋಲಾರದವರಿಗೆ ವಿವರಿಸಬೇಕಿಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಸನ್ನಿಧಿಯಿದೆ. ನೆಲದೊಳಗೆ ಕೊರೆದ ಅಲ್ಲಿನ ಹುಂಡಿಗೆ ಬಿದ್ದ ಕಾಣಿಕೆಯನ್ನು ಇದುವರೆಗೆ ಯಾರೂ ತೆಗೆದಿಲ್ಲವೆಂದು ಜನ ಹೇಳುತ್ತಾರೆ. ಅಸಲಿಗೆ ಕಟ್ಟಿದ್ದೂ ಹಾಗೆಯೇ. ಚೇಳಮ್ಮನಾದರೋ ಚೇಳು ಕಚ್ಚದಂತೆ ಕಾಯುತ್ತಾಳೆ. ಬ್ಯಾಂಕು ರಸೀದಿ ಕೊಡುತ್ತದೆ.

ವೇಮಗಲ್‌ನಲ್ಲಿ ಆಪತ್ತುಗಳ ಕೊರತೆಯಿಲ್ಲ. ಕೊಳವೆಬಾವಿಯ ಮೋಟರು ಸುಡುವುದು, ಅಮ್ಮನ ಮೊಣಕಾಲು, ಮೇ ಕೊನೆಗೆ ಮಗುವಿನ ಶಾಲೆಯ ಫೀಸು, ಕೋಲಾರದ ಕೋರ್ಟಿಗೆ ಹೋದ ದಿನದ ಸಂಬಳ ಕಡಿತ, ವಕೀಲರ ಫೀಸು. ಇವೆಲ್ಲಕ್ಕಿಂತ ದೊಡ್ಡದು ಕೆಲಸವೇ ನಿಲ್ಲುವುದು. 2020ರ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಗಲಾಟೆಯಾಗಿ ನರಸಾಪುರದ ಐಫೋನ್ ಕಾರ್ಖಾನೆ ಕೆಲಕಾಲ ನಿಂತೇಹೋಯಿತು. ಅಂಥ ಹೊತ್ತಿನಲ್ಲಿ ‘ನಾನು ಹೋದ ವರ್ಷ ಒಂದು ಲಕ್ಷ ಹೆಚ್ಚಿಗೆ ಕಟ್ಟಿದ್ದೀನಿ, ಈ ತಿಂಗಳ ಕಂತನ್ನ ಅದರಲ್ಲಿ ಹಿಡ್ಕೊಳ್ಳಿ ಸಾರ್’ ಎಂದರೆ ಬ್ಯಾಂಕು ಒಪ್ಪುವುದಿಲ್ಲ. ಹೆಚ್ಚಿಗೆ ಕಟ್ಟಿದ್ದು ಕೊನೆಯ ಕಂತುಗಳಿಗೆ ಹೋಗಿರುತ್ತದೆ. 2040ರ ಸುಮಾರಿಗೆ ಅವನು ನಿಶ್ಚಿಂತ. ಈ ತಿಂಗಳ 5ನೇ ತಾರೀಖಿನ ಕಂತು ಈ ತಿಂಗಳೇ ಬೇಕು.

ಆಗ ಇವನು ಕೈಸಾಲಕ್ಕೆ ಹೊರಡುತ್ತಾನೆ. ಊರಿನ ದರ ನೂರಕ್ಕೆ ಮೂರು ರೂಪಾಯಿ. ಬ್ಯಾಂಕಿನದು ಎಂಟೂವರೆ, ಇದು ಬರೀ ಮೂರು ಎಂಬ ಭಾವ ಅವನ ಮುಖದಲ್ಲಿ ಒಂದು ಕ್ಷಣ ಮಿಂಚುವುದೂ ಉಂಟು. ಬ್ಯಾಂಕಿನದು ವರ್ಷಕ್ಕೆ, ಇದು ತಿಂಗಳಿಗೆ. ವರ್ಷಕ್ಕೆ ಶೇ 36. ರೆಪೋ ದರದ ಕಾಲು ಅಂಶಕ್ಕೂ ನಿದ್ದೆಗೆಡುವ ಮನುಷ್ಯ ಇದನ್ನು ಸಾಲವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ಕೈಬದಲು’ ಎನ್ನುತ್ತಾನೆ. ಬೋನಸ್ ಬಂದಾಗ ಮೊದಲು ತೀರಬೇಕಾದದ್ದು ಯಾವುದೆಂಬ ಪ್ರಶ್ನೆಯೇ ಅವನಿಗೆ ಏಳುವುದಿಲ್ಲ. ‘ಲೋ, ಆ ಮೂರು ರೂಪಾಯಿದು ತೀರಿಸ್ಬಿಟ್ಟು ಆಮೇಲೆ ಬ್ಯಾಂಕಿಗೆ ಹೋಗೋ’ ಎಂದು ಅಮ್ಮ ಅಡುಗೆಮನೆಯಿಂದ ಹೇಳುವ ಮಾತು ಹಣಕಾಸು ಸಲಹೆಗಾರರು ಹೇಳುವ ಮಾತೇ ಆದರೂ, ಸೊಪ್ಪು ಸೋಸುತ್ತಾ ಹೇಳಿದ್ದರಿಂದ ಅದಕ್ಕೆ ಬೆಲೆಯಿಲ್ಲ.

ಈ ಜಾತಿಯಲ್ಲಿ ಒಂದು ಒಳಪಂಗಡವಿದೆ, ಟೊಮೆಟೊ ಅಸಲಪ್ಪ. ಶಿಫ್ಟು ಮುಗಿಸಿ ಅಪ್ಪನ ಒಂದೆಕರೆಯಲ್ಲಿ ಟೊಮೆಟೊ ಹಾಕಿದವನು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ಬಂದದ್ದಷ್ಟನ್ನೂ ಅಸಲಿಗೆ ಕಟ್ಟಿ ಊರಿಗೆಲ್ಲ ತೋರಿಸಿದ. ಸೆಪ್ಟೆಂಬರ್ ಹೊತ್ತಿಗೆ ದರ ಕುಸಿದಾಗ ಹಣ್ಣು ಬಿಡಿಸುವ ಕೂಲಿಗೆ ಮೂರು ರೂಪಾಯಿಯ ಸಾಲ ತಂದ. ಇನ್ನೊಬ್ಬರಿಗೆ ಸಾಲ ಕೊಡುವ ತಾಕತ್ತಿದ್ದವನು ಎರಡೇ ತಿಂಗಳಲ್ಲಿ ಸಾಲ ಕೇಳುವವನಾದ ವೇಗದಲ್ಲಿ ಟೊಮೆಟೊ ಕೂಡ ಕೊಳೆಯುವುದಿಲ್ಲ.

ಅಸಲಪ್ಪನ ಮಾಜಿ ಪತ್ನಿಯದು ಇದಕ್ಕೆ ಪೂರ್ತಿ ತಿರುಗುಮುರುಗಾದ ಸ್ವಭಾವವೆಂದು ಕಂಡುಬಂದಿದೆ. ಅವಳು ಯಾರಿಗೂ ಯಾವುದನ್ನೂ ಒಂದು ದಿನ ಮುಂಚೆ ಕಟ್ಟುವುದಿಲ್ಲ. ಚೀಟಿ, ಎಫ್‌ಡಿ, ಅಂಚೆ ಕಚೇರಿಯ ಆರ್‌ಡಿ, ಅಕ್ಕಿ ಡಬ್ಬಿ, ನಾಲ್ಕು ಕಡೆ ಇಟ್ಟು ನಾಲ್ಕನ್ನೂ ಮರೆಯದಿರುವವಳು. ಇವರಿಬ್ಬರ ನಡುವಿನ ಮದುವೆ ಒಂದು ಹಣಕಾಸು ಯೋಜನೆಯಾಗಿ ಅತ್ಯುತ್ತಮವಾಗಿತ್ತು. ಬೇರೆ ಕಾರಣಗಳಿಗೆ ಕೆಟ್ಟಿತು.

ಇವನಿಗೆ ಹೇಳಬಹುದಾದ ಮದ್ದು ಕಷ್ಟದ್ದೇನಲ್ಲ. ಕಂತು, ಜೀವನಾಂಶ, ಫೀಸು, ಮನೆ ಖರ್ಚು ಸೇರಿ ತಿಂಗಳಿಗೆ 45,000 ಆಗುವವನು ಆರು ತಿಂಗಳಿಗೆ 2,70,000 ರೂಪಾಯಿಯನ್ನು ಎಫ್‌ಡಿಯಲ್ಲೋ ಉಳಿತಾಯ ಖಾತೆಯಲ್ಲೋ ಮೊದಲು ಇಡುವುದು, ಮಿಕ್ಕದ್ದು ಅಸಲಿಗೆ. ಎರಡು ಸಂಬಳ ಇದ್ದಾಗ ಮೂರು ತಿಂಗಳ ದುಡ್ಡು ಸಾಕಾಗುತ್ತಿತ್ತು, ಒಂದು ನಿಂತರೆ ಇನ್ನೊಂದು ಇರುತ್ತಿತ್ತು. ಈಗ ಇರುವುದೇ ಒಂದು. ಎಫ್‌ಡಿಗೆ ಸಿಗುವ ಬಡ್ಡಿ ಸಾಲದ ಬಡ್ಡಿಗಿಂತ ಒಂದೆರಡು ಅಂಶ ಕಡಿಮೆ, ನಷ್ಟವೆಂದರೆ ಅಷ್ಟೇ. ಮೂರು ರೂಪಾಯಿ ಬಡ್ಡಿಯಿಂದ ತಪ್ಪಿಸಿಕೊಳ್ಳಲು ಅದು ಅಗ್ಗದ ಬೆಲೆ. ಓವರ್‌ಡ್ರಾಫ್ಟ್ ಜೋಡಿಸಿದ ಮನೆಸಾಲವೂ ಉಂಟು: ಹೆಚ್ಚಿನ ದುಡ್ಡು ಸಾಲದ ಖಾತೆಯಲ್ಲೇ ಕೂತು ಬಡ್ಡಿ ಇಳಿಸುತ್ತದೆ, ಬೇಕಾದಾಗ ತೆಗೆಯಲೂ ಬರುತ್ತದೆ, ಬಡ್ಡಿದರ ತುಸು ಹೆಚ್ಚು. ಅಸಲಪ್ಪ ಇದನ್ನು ಒಪ್ಪುವುದಿಲ್ಲ. ತೆಗೆಯಲು ಬರುತ್ತದೆ ಎಂಬುದೇ ಅವನ ಕಣ್ಣಿಗೆ ಅದರ ದೋಷ. ಒಮ್ಮೆ ಬಿಟ್ಟದ್ದನ್ನು ಮತ್ತೆ ಕೇಳುವ ಸ್ಥಿತಿ ಬರಬಾರದೆಂಬುದು ಅವನ ನಿಲುವು, ಇದರಲ್ಲಿ ಬ್ಯಾಂಕಿನ ವಿಚಾರ ಎಷ್ಟು, ಬೇರೆ ವಿಚಾರ ಎಷ್ಟು ಎಂದು ಬಿಡಿಸುವುದು ಕಷ್ಟ. ಕಟ್ಟಿದ ಅಸಲಿನ ಮೇಲೆ ಟಾಪ್‌ಅಪ್ ಸಾಲ ಕೇಳಬಹುದು ಎಂದು ಯಾರಾದರೂ ಹೇಳಿದರೆ, ಅರ್ಜಿಗೆ ಜಂಟಿ ಸಾಲಗಾರರಿಬ್ಬರೂ ರುಜು ಹಾಕಬೇಕೆಂದು ತಿಳಿದು ಮೌನವಾಗುತ್ತಾನೆ.

ಸಾಲ ತೀರಿದ ಮೇಲೂ ಕೆಲಸ ಉಳಿಯುತ್ತದೆ. ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ವಾಪಸು ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಅಸಲಪ್ಪ ಆ ದಿನಗಳನ್ನೂ ಎಣಿಸುತ್ತಾನೆ. ಬ್ಯಾಂಕು ಮಾತ್ರ ಸಾಮಾನ್ಯವಾಗಿ ಇಬ್ಬರೂ ಬಂದು ರುಜು ಹಾಕಿ ಎನ್ನುತ್ತದೆ. ಇನ್ನು ಮನೆ ಕ್ರಯಪತ್ರದಲ್ಲೂ ಜಂಟಿಯಾಗಿದ್ದರೆ ಸಾಲ ತೀರಿದ್ದರಿಂದ ಅವಳ ಪಾಲು ತೀರುವುದಿಲ್ಲ. ಅದಕ್ಕೆ ಅವಳು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಖುಲಾಸೆ ಪತ್ರ ಬರೆದುಕೊಡಬೇಕು, ಪುಕ್ಕಟೆ ಬರೆದುಕೊಡಬೇಕೆಂಬ ಕಾನೂನಿಲ್ಲ. ಹತ್ತು ವರ್ಷ ಮೊದಲೇ ಸಾಲ ಮುಗಿಸಿದವನು ಈ ಪಾಲನ್ನು ಕೊಳ್ಳಲು ಹೊಸ ಸಾಲ ಮಾಡಿದ ಉದಾಹರಣೆಗಳನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಪತ್ರ ಆಗುವ ತನಕ ಇ-ಖಾತಾದಲ್ಲಿ ಇಬ್ಬರ ಹೆಸರೂ ಇರುತ್ತದೆ, ಮನೆ ಕಂದಾಯದ ರಸೀದಿ ಇಬ್ಬರ ಹೆಸರಿಗೂ ಬರುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ಅದರಲ್ಲಿ ಶೇ 5 ರಿಯಾಯಿತಿ ಇರುವುದರಿಂದ, ಅಸಲಪ್ಪ 1ನೇ ತಾರೀಖಿಗೇ ಹೋಗಿ ನಿಂತಿರುತ್ತಾನೆ.